ಫಿನ್‌ಲ್ಯಾಂಡಿನ ಸಂಗೀತ ರಚನಕಾರ ಸಿಬೇಲಿಯಸ್ ತನ್ನ ವಯೊಲಿನ್ ಕನ್ಸರ್ಟೊನ, ಅಂದ್ರೆ ಒಂದು ವಯೊಲಿನ್ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆ ನುಡಿಸೋ ಕೃತಿನ, ಯಾಕೆ ತಿದ್ದಿ ಬರೆದ?
ಒಂದೇ ಮಾತಲ್ಲಿ ಹೇಳೋದಾದ್ರೆ, ಕೃತಿ ಬಿಗಿಯಾಗ್ಲಿ ಅಂತ. 1904ರಲ್ಲಿ ಹೆಲ್ಸಿಂಕಿಯಲ್ಲಿ ಮೊದಲ ಸಲ ನುಡಿಸಿದಾಗ ಅದು ಈಗಿರೋದಕ್ಕಿಂತ ಉದ್ದ ಇತ್ತು, ನುಡಿಸೋದೂ ಇನ್ನೂ ಕಷ್ಟ, ಕಛೇರಿ ಚೆನ್ನಾಗಿ ಆಗ್ಲಿಲ್ಲ.

ಮುಖ್ಯ ಬದಲಾವಣೆ ಮೊದಲ ಭಾಗದಲ್ಲಿ. ಅಲ್ಲಿ ಎರಡು ಕ್ಯಾಡೆನ್ಸಾ ಇದ್ವು, ಅಂದ್ರೆ ಆರ್ಕೆಸ್ಟ್ರಾ ಸುಮ್ಮನಾಗಿ ವಯೊಲಿನ್ ಒಂದೇ ನುಡಿಯೋ ಜಾಗ. ಸಾಮಾನ್ಯವಾಗಿ ಕ್ಯಾಡೆನ್ಸಾ ಕೊನೆ ಹತ್ರ ಬರುತ್ತೆ, ಮಧ್ಯದಲ್ಲಿ ಆರ್ಕೆಸ್ಟ್ರಾ ವಯೊಲಿನ್ ಎರಡೂ ಸೇರಿ ಶುರುವಿನ ಧಾಟಿಗಳನ್ನ ಬಿಡಿಸಿ ತಿರುಗಿಸಿ ಬೆಳೆಸ್ತವೆ, ಆದ್ರೆ ಸಿಬೇಲಿಯಸ್ ಆ ಬೆಳೆಸೋ ಕೆಲಸಾನೇ ಮಧ್ಯದ ಕ್ಯಾಡೆನ್ಸಾಗೆ ಒಪ್ಪಿಸಿಬಿಟ್ಟಿದ್ದ. ಅಷ್ಟು ಭಾರ ಅದು ಹೊತ್ತ ಮೇಲೆ ಮುಂದೆ ಇನ್ನೊಂದು ದೊಡ್ಡ ಕ್ಯಾಡೆನ್ಸಾ ಬಂದ್ರೆ ಓಟ ನಿಂತ ಹಾಗಾಗುತ್ತೆ, ಅದಕ್ಕೇ ಎರಡನೇದನ್ನ ಪೂರ್ತಿ ತೆಗೆದುಹಾಕಿದ. ಹಳೇ ಕಾಲದ ಜರ್ಮನ್ ಸಂಗೀತ ರಚನಕಾರ ಬಾಖ್‌ನ ನೆನಪಿಸೋ ಅಂಥ ಸೊಗಸಾದ ಭಾಗ ಅದು, ಕೇಳಿದ್ರೆ ಅಯ್ಯೋ ಬಿಟ್ಟನಲ್ಲ ಅನ್ಸುತ್ತೆ, ಆದ್ರೂ ನನಗೆ ಅವನು ಮಾಡಿದ್ದೇ ಸರಿ.

ತಿದ್ದಿದ ರೂಪ 1905ರಲ್ಲಿ ಬರ್ಲಿನ್‌ನಲ್ಲಿ ರಿಚರ್ಡ್ ಸ್ಟ್ರೌಸ್ ನಿರ್ದೇಶನದಲ್ಲಿ ಬಂತು. ಇವತ್ತು ಎಲ್ಲ ಕಡೆ ನುಡಿಸೋದು ಅದನ್ನೇ.