ಕಿಟಕಿಗೆ ಹಿಡಿದ ಫಿಲ್ಮು, ತೆರೆಯದ ಸಿಡಿ

ಪ್ರಶ್ನೆ: ನಮ್ಮ ತಂದೆಗೆ ಎದೆಯ ಸಿಟಿ ಸ್ಕ್ಯಾನ್ ಆಯಿತು. ಶ್ವಾಸಕೋಶದಲ್ಲಿ ಚಿಕ್ಕದೊಂದು ಗಂಟಿದೆ ಎಂದು ರಿಪೋರ್ಟ್ ಬಂದಿದೆ. ಇನ್ನೊಬ್ಬ ತಜ್ಞರನ್ನೂ ಕೇಳೋಣ ಅಂತ ಫಿಲ್ಮುಗಳನ್ನು ಕಿಟಕಿಗೆ ಹಿಡಿದು ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದೆ. ಅವರು 'ಇದರಲ್ಲಿ ಏನೂ ಹೇಳೋಕಾಗಲ್ಲ, ಡೈಕಾಮ್ ಕಳಿಸಿ' ಎಂದರು. ಸ್ಕ್ಯಾನ್ ಸೆಂಟರಿನ ಸಿಡಿ ಹಾಕಿದರೆ ಚಿತ್ರವೇ ಇಲ್ಲ, ಅರ್ಥವಾಗದ ಹೆಸರಿನ ಫೈಲುಗಳಿವೆ. ಏನು ಮಾಡಲಿ?

ಉತ್ತರ: ಅವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ನಾನು ರೇಡಿಯಾಲಜಿಸ್ಟ್. ನನ್ನ ಫೋನಿಗೂ ಇಂಥ ಫೋಟೋಗಳು ಬರುತ್ತಲೇ ಇರುತ್ತವೆ. ಒಂದರಲ್ಲಿ ಎಡ ಶ್ವಾಸಕೋಶದ ಉದ್ದಕ್ಕೂ ಬೆಳ್ಳಗಿನ ಗೆರೆ ಕಂಡಿತು. ಗಾಬರಿಯಿಂದ ದೊಡ್ಡದು ಮಾಡಿ ನೋಡಿದರೆ ಟ್ಯೂಬ್‌ಲೈಟು! ಇನ್ನೊಂದರಲ್ಲಿ ಫಿಲ್ಮ್ ಹಿಡಿದವರ ಹೆಬ್ಬೆರಳು ಲಿವರಿನ ಅರ್ಧ ಭಾಗವನ್ನು ಮುಚ್ಚಿತ್ತು.

ಆದರೆ ಕೈ ಅಡ್ಡ ಬಂದದ್ದು ದೊಡ್ಡ ತೊಂದರೆಯಲ್ಲ. ಎದೆಯ ಸಿಟಿಯಲ್ಲಿ ಮುನ್ನೂರು, ನಾನೂರು ಸ್ಲೈಸ್, ಅಂದರೆ ದೇಹವನ್ನು ಅಡ್ಡಲಾಗಿ ಕೊಯ್ದಂತೆ ಕಾಣುವ ಒಂದೊಂದು ಪದರದ ಚಿತ್ರ, ಇರಬಹುದು. ಫಿಲ್ಮಿಗೆ ಬರುವುದು ಅದರಲ್ಲಿ ಆಯ್ದ ಕೆಲವು. ಚಿಕ್ಕ ಗಂಟು ಬಿಟ್ಟುಹೋದ ಸ್ಲೈಸಿನಲ್ಲೇ ಇದ್ದರೆ? ಜೊತೆಗೆ, ಸಿಟಿ ಯಂತ್ರ ಪ್ರತಿ ಚುಕ್ಕೆಗೂ ಒಂದು ಸಂಖ್ಯೆ ಕೊಡುತ್ತದೆ. ಗಾಳಿಗೆ ಮೈನಸ್ 1000, ನೀರಿಗೆ 0, ಗಟ್ಟಿ ಮೂಳೆಗೆ ಸಾವಿರದ ಆಸುಪಾಸು. ಇಷ್ಟೆಲ್ಲ ಛಾಯೆ ಒಟ್ಟಿಗೆ ನಮ್ಮ ಕಣ್ಣಿಗೆ ಹಿಡಿಸುವುದಿಲ್ಲ. ಅದಕ್ಕೇ ನಾವು ಮೌಸ್ ಎಳೆದು ಬೆಳಕು ಬದಲಿಸುತ್ತೇವೆ. ಈಗ ಶ್ವಾಸಕೋಶದ ಸಣ್ಣ ರಕ್ತನಾಳಗಳು ಕಾಣುತ್ತವೆ. ಸ್ವಲ್ಪ ಎಳೆದರೆ ಅವು ಕಪ್ಪಾಗಿ ಮಾಯವಾಗಿ, ಗಂಟಿನೊಳಗೆ ಸುಣ್ಣ ಕಟ್ಟಿದೆಯೋ ಕೊಬ್ಬಿದೆಯೋ ಗೊತ್ತಾಗುತ್ತದೆ. ಫೋಟೋದಲ್ಲಿ ಎಳೆಯಲು ಏನಿದೆ? ಅಳೆಯೋಣ ಎಂದರೆ ಎಷ್ಟು ಚುಕ್ಕೆ ಸೇರಿದರೆ ಒಂದು ಮಿಲಿಮೀಟರ್ ಎಂಬ ಲೆಕ್ಕವೂ ಅದರಲ್ಲಿರುವುದಿಲ್ಲ.

ಡೈಕಾಮ್ ಫೈಲಿನಲ್ಲಿ ಇದೆಲ್ಲ ಇರುತ್ತದೆ. ಬೇರೆ ಬೇರೆ ಕಂಪನಿಗಳ ಯಂತ್ರಗಳು ಒಂದೇ ಭಾಷೆ ಆಡಲಿ ಎಂದು ಮಾಡಿಕೊಂಡ ಪದ್ಧತಿ ಅದು. ಆ ಹೆಸರು ಬಂದದ್ದು 1993ರಲ್ಲಿ. ನಿಮ್ಮ ಸಿಡಿಯ ಆ ವಿಚಿತ್ರ ಹೆಸರಿನ ಫೈಲುಗಳೇ ಚಿತ್ರಗಳು. ಅವುಗಳ ಹೆಸರು ಬದಲಿಸಬೇಡಿ. 'ಇದೊಂದು ಸಾಕು' ಅಂತ ಆರಿಸಲೂಬೇಡಿ. ಇಡೀ ಸಿಡಿಯನ್ನು ಒಂದು ಫೋಲ್ಡರಿಗೆ ಕಾಪಿ ಮಾಡಿ, ಜಿಪ್ ಮಾಡಿ. ಒಂದು ಸ್ಲೈಸಿಗೆ ಸುಮಾರು ಅರ್ಧ ಎಂಬಿ ಎಂದರೂ ನಾನೂರಕ್ಕೆ 200 ಎಂಬಿ ಆಯಿತಲ್ವಾ? ಇಮೇಲ್‌ಗೆ ಅಟ್ಯಾಚ್ ಆಗುವುದಿಲ್ಲ. ಡ್ರೈವ್‌ಗೆ ಹಾಕಿ, ಆ ವೈದ್ಯರ ಇಮೇಲಿಗೆ ಮಾತ್ರ ತೆರೆಯುವಂತೆ ಲಿಂಕ್ ಕೊಡಿ. ವಾಟ್ಸಾಪೇ ಆಗಬೇಕೆಂದರೆ ಜಿಪ್ ಫೈಲನ್ನು 'ಡಾಕ್ಯುಮೆಂಟ್' ಎಂದು ಕಳಿಸಿ.

ಅದಕ್ಕೂ ಮೊದಲು ಸ್ಕ್ಯಾನ್ ಸೆಂಟರಿಗೆ ಒಂದು ಫೋನ್ ಮಾಡಿ. ಎಷ್ಟೋ ಕಡೆ ಆನ್‌ಲೈನ್ ಲಿಂಕನ್ನೇ ಕೊಡುತ್ತಾರೆ. 'ತೆಳು ಸ್ಲೈಸ್‌ಗಳೂ ಇವೆಯಾ?' ಎಂದು ಮರೆಯದೆ ಕೇಳಿ. ಸಿಡಿಗೆ ಕೆಲವೊಮ್ಮೆ ಐದು ಮಿಲಿಮೀಟರಿನ ದಪ್ಪ ಸ್ಲೈಸ್ ಮಾತ್ರ ಹಾಕಿರುತ್ತಾರೆ. ಚಿಕ್ಕ ಗಂಟು ನೋಡಲು ಒಂದು ಮಿಲಿಮೀಟರಿನವು ಬೇಕು.

ಒಂದು ಎಚ್ಚರಿಕೆ. ಪ್ರತಿ ಫೈಲಿನೊಳಗೂ ಸಾಮಾನ್ಯವಾಗಿ ತಂದೆಯವರ ಹೆಸರು, ಹುಟ್ಟಿದ ದಿನ ಇರುತ್ತವೆ. ನೆಂಟರ ಗ್ರೂಪಿಗೆಲ್ಲ ಹಾಕಬೇಡಿ. ಹಾಗಂತ ವೈದ್ಯರಿಗೆ ಕಳಿಸುವಾಗ ಹೆಸರು ಅಳಿಸಲು ಹೋಗಬೇಡಿ. ಯಾರ ಸ್ಕ್ಯಾನ್ ಯಾರದೋ ಆಗಿಬಿಟ್ಟರೆ ಅದಕ್ಕಿಂತ ಅನಾಹುತ ಬೇರೆ ಇಲ್ಲ.

ಹಳೆಯ ಎದೆ ಸ್ಕ್ಯಾನ್ ಎಲ್ಲಾದರೂ ಇದ್ದರೆ, ಬೇರೆ ಕಾರಣಕ್ಕೆ ಮಾಡಿಸಿದ್ದಾದರೂ ಸರಿ, ಅದನ್ನೂ ಹುಡುಕಿ ಕಳಿಸಿ. ಗಂಟಿನ ವಿಷಯದಲ್ಲಿ ನಾನು ಮೊದಲು ಕೇಳುವುದೇ ಅದು. ಗಟ್ಟಿ ಗಂಟು ಎರಡು ವರ್ಷದಿಂದ ಒಂದಿಷ್ಟೂ ಬೆಳೆದಿಲ್ಲ ಎಂದು ಕಂಡರೆ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ. ರಿಪೋರ್ಟಿನ ಜೊತೆ ಎರಡು ಸಾಲು ಬರೆಯಿರಿ: ವಯಸ್ಸೆಷ್ಟು, ಕೆಮ್ಮು ಇದೆಯಾ, ತಂದೆಯವರು ಸಿಗರೇಟು ಸೇದುತ್ತಿದ್ದರಾ, ಎಷ್ಟು ವರ್ಷ. ಸಿಗರೇಟಿನ ಲೆಕ್ಕ ಯಾವ ಡೈಕಾಮ್ ಫೈಲಿನಲ್ಲೂ ಸಿಗುವುದಿಲ್ಲ.