ತಮ್ಮ ಜೈಲಿನಲ್ಲಿದ್ದಾನೆ, ವಕೀಲರಿಗೆ ಕೊಡಲು ದುಡ್ಡಿಲ್ಲ. ಉಚಿತ ವಕೀಲರು ಸಿಗುತ್ತಾರಾ, ಅವರನ್ನು ನಂಬಬಹುದಾ?

ಸಿಗುತ್ತಾರೆ. ಅದಕ್ಕೆ ಆದಾಯ ಪ್ರಮಾಣಪತ್ರ ಬೇಕೆಂದು ನಾಡಕಚೇರಿ ಸುತ್ತಬೇಡಿ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಮಿನ ಪ್ರಕಾರ ಬಂಧನದಲ್ಲಿರುವ ಯಾರೇ ಆಗಲಿ ಉಚಿತ ವಕೀಲರಿಗೆ ಅರ್ಹರು, ವರಮಾನ ಎಷ್ಟೇ ಇರಲಿ. ಬೈಕ್ ಕಳ್ಳತನದ ಕೇಸು, ತಮ್ಮ ಒಳಗೆ ಹೋಗಿ ಇಪ್ಪತ್ತು ದಿನ, ಜಾಮೀನು ಅರ್ಜಿಗೇ ಮೂವತ್ತು ಸಾವಿರ ಕೇಳಿದ್ದಾರೆ ಎಂದು ಬರೆದಿದ್ದೀರಿ. ಇಷ್ಟರ ಆಧಾರದ ಮೇಲೆ ಹೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಿ. ಕೋರ್ಟಿನಲ್ಲಿ ‘ಸರ್ಕಾರಿ ವಕೀಲರು ಎಲ್ಲಿ’ ಎಂದು ಕೇಳಿದರೆ ಪಬ್ಲಿಕ್ ಪ್ರಾಸಿಕ್ಯೂಟರ್ ಕಚೇರಿ ತೋರಿಸುತ್ತಾರೆ. ಅವರು ನಿಮ್ಮ ತಮ್ಮನ ವಿರುದ್ಧ ವಾದಿಸುವವರು. ನೀವು ಹೋಗಬೇಕಾದ್ದು ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಇರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಕೇಸು ತಾಲ್ಲೂಕು ಕೋರ್ಟಿನಲ್ಲಿದ್ದರೆ ಅಲ್ಲಿನ ತಾಲ್ಲೂಕು ಕಾನೂನು ಸೇವಾ ಸಮಿತಿಗೆ. ದಾರಿ ತಿಳಿಯದಿದ್ದರೆ 15100ಕ್ಕೆ ಕರೆ ಮಾಡಿ, ಅದು ಉಚಿತ.

ಹೋಗುವಾಗ ಒಂದು ಬಿಳಿ ಹಾಳೆಯಲ್ಲಿ ಇಷ್ಟು ಬರೆದುಕೊಂಡು ಹೋಗಿ: ತಮ್ಮನ ಪೂರ್ತಿ ಹೆಸರು, ಪೊಲೀಸ್ ಠಾಣೆ, ಕ್ರೈಂ ನಂಬರ್, ಹಾಕಿರುವ ಕಲಮುಗಳು, ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ಹಾಜರುಪಡಿಸಿದ ತಾರೀಖು, ಯಾವ ಜೈಲು, ಅಲ್ಲಿನ ಯು.ಟಿ.ಪಿ. (ವಿಚಾರಣಾಧೀನ ಕೈದಿ) ನಂಬರ್. ಎಫ್‌ಐಆರ್ ಪ್ರತಿ ಕರ್ನಾಟಕ ಪೊಲೀಸ್ ವೆಬ್‌ಸೈಟಿನಲ್ಲಿ ಸಾಮಾನ್ಯವಾಗಿ ಸಿಗುತ್ತದೆ. ವಕಾಲತ್ತಿಗೆ, ಅಂದರೆ ತನ್ನ ಪರ ವಾದಿಸಲು ವಕೀಲರಿಗೆ ಅಧಿಕಾರ ಕೊಡುವ ಪತ್ರಕ್ಕೆ, ಸಹಿ ಹಾಕಬೇಕಾದವನು ನಿಮ್ಮ ತಮ್ಮ. ಅದು ಜೈಲಿಗೆ ಹೋಗಿ, ಅಧಿಕಾರಿಗಳ ದೃಢೀಕರಣದೊಂದಿಗೆ ವಾಪಸ್ ಬರಬೇಕು. ಕಾಗದ ನಿಂತುಹೋಗುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಮುಂದಿನ ಭೇಟಿಯಲ್ಲಿ, ಜೈಲಿನೊಳಗಿನ ಕಾನೂನು ನೆರವು ಕ್ಲಿನಿಕ್‌ನಲ್ಲಿ ಅವನೇ ಒಂದು ಅರ್ಜಿ ಕೊಡಲು ಹೇಳಿ. ಎರಡೂ ಕಡೆಯಿಂದ ಅರ್ಜಿ ಹೋದರೆ ನಷ್ಟವೇನಿಲ್ಲ.

ನಂಬಬಹುದಾ ಎಂಬ ಮಾತಿಗೆ ಬರೋಣ. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2022ರ ಯೋಜನೆಯ ನಂತರ ಹಲವು ಜಿಲ್ಲಾ ಕೇಂದ್ರಗಳಲ್ಲಿ ಕ್ರಿಮಿನಲ್ ಕೇಸುಗಳಿಗೆಂದೇ ‘ಕಾನೂನು ನೆರವು ಅಭಿರಕ್ಷಕರ’ ಕಚೇರಿಗಳಿವೆ. ಅಲ್ಲಿನವರಿಗೆ ತಿಂಗಳ ಗೌರವಧನ ಇರುತ್ತದೆ, ಖಾಸಗಿ ಕೇಸು ಹಿಡಿಯುವಂತಿಲ್ಲ. ಮುಖ್ಯಸ್ಥರಾಗಲು ಕನಿಷ್ಠ 10 ವರ್ಷದ ಕ್ರಿಮಿನಲ್ ವಕೀಲಿಕೆ ಬೇಕು. ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ಪ್ಯಾನೆಲ್ ವಕೀಲರು, ಅಂದರೆ ಸಮಿತಿಯ ಪಟ್ಟಿಯಲ್ಲಿರುವ ಖಾಸಗಿ ವಕೀಲರು ಸಿಗುತ್ತಾರೆ. ಅವರ ಗುಣಮಟ್ಟ ಒಂದೇ ಸಮ ಇರುವುದಿಲ್ಲ, ಇದ್ದದ್ದನ್ನು ಇದ್ದಂತೆ ಹೇಳಬೇಕು. ಆದರೆ ಸಾದಾ ಕಳ್ಳತನದ ಜಾಮೀನು ಅರ್ಜಿಗೆ ಸಾಲ ಮಾಡಿ ದೊಡ್ಡ ವಕೀಲರನ್ನು ಹಿಡಿಯುವ ಅಗತ್ಯ ನನಗೆ ಕಾಣುವುದಿಲ್ಲ. ನೇಮಕವಾದವರು ನಿಮ್ಮಿಂದ ದುಡ್ಡು ಕೇಳುವಂತಿಲ್ಲ. ಕೇಳಿದರೆ, ಅಥವಾ ವಾಯಿದೆಗಳಿಗೆ ಬಾರದಿದ್ದರೆ, ಪ್ರಾಧಿಕಾರದ ಸದಸ್ಯ ಕಾರ್ಯದರ್ಶಿಗೆ ಲಿಖಿತವಾಗಿ ಕೊಡಿ. ಆ ಹುದ್ದೆಯಲ್ಲಿರುವವರು ನ್ಯಾಯಾಧೀಶರೇ, ವಕೀಲರನ್ನು ಬದಲಿಸಿಕೊಡಬಲ್ಲರು.

ನೀವು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಕಾದ ದಿನ ಒಂದಿದೆ. ಕಲಮು ಬರೀ ಕಳ್ಳತನದ್ದಾಗಿದ್ದರೆ ಪೊಲೀಸರು 60 ದಿನದೊಳಗೆ ದೋಷಾರೋಪ ಪಟ್ಟಿ ಸಲ್ಲಿಸಬೇಕು. ಸಲ್ಲಿಸದಿದ್ದರೆ ಜಾಮೀನು ಅವನ ಹಕ್ಕು, ಕೇಸಿನ ಬಲಾಬಲ ಅಲ್ಲಿ ಲೆಕ್ಕಕ್ಕಿಲ್ಲ. ದಿನ ಎಣಿಸುವುದು ಬಂಧನದಿಂದಲ್ಲ, ಮೊದಲ ರಿಮಾಂಡಿನ ದಿನದಿಂದ, ಅಂದರೆ ಮ್ಯಾಜಿಸ್ಟ್ರೇಟರು ಮೊದಲ ಸಲ ಕಸ್ಟಡಿಗೆ ಕಳಿಸಿದ ದಿನದಿಂದ. ಆ ದಿನವೂ ಎಣಿಕೆಗೆ ಸೇರುತ್ತದೆಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. 61ನೇ ದಿನ ಕೋರ್ಟು ತೆರೆದ ಕೂಡಲೇ ಅರ್ಜಿ ಬೀಳಬೇಕು. ನಿಮ್ಮ ಅರ್ಜಿಗಿಂತ ಮೊದಲು ದೋಷಾರೋಪ ಪಟ್ಟಿ ಬಂದುಬಿಟ್ಟರೆ ಹಕ್ಕು ಹೋಯಿತು. ನೂರಾರು ಕೇಸು ಹೊತ್ತ ವಕೀಲರಿಗೆ ಈ ತಾರೀಖು ಮರೆತುಹೋಗಬಹುದು, ನೀವೇ ಒಂದು ವಾರ ಮುಂಚೆ ನೆನಪಿಸಿ. ರಾತ್ರಿ ಮನೆ ಬೀಗ ಮುರಿದ ಕಲಮೂ ಸೇರಿದ್ದರೆ ಈ ಲೆಕ್ಕ 90 ದಿನಕ್ಕೆ ಹೋಗಬಹುದು. ಹಾಗೆಂದು ಅಲ್ಲಿಯವರೆಗೆ ಕಾಯುತ್ತಾ ಕೂರಬೇಡಿ. ಮಾಮೂಲಿ ಜಾಮೀನು ಅರ್ಜಿ ಈಗಲೇ ಹಾಕಿಸಿ. ಮ್ಯಾಜಿಸ್ಟ್ರೇಟ್ ತಿರಸ್ಕರಿಸಿದರೆ ಸೆಷನ್ಸ್ ಕೋರ್ಟ್ ಇದೆ.

ಬೈಕ್ ಕೇಸುಗಳಲ್ಲಿ ಇನ್ನೊಂದು ತೊಡಕು: ಒಂದು ಠಾಣೆಯಲ್ಲಿ ಸಿಕ್ಕವನನ್ನು ಬೇರೆ ಠಾಣೆಗಳ ಹಳೆಯ ಕೇಸುಗಳಲ್ಲೂ ತೋರಿಸುತ್ತಾರೆ. ಒಂದರಲ್ಲಿ ಜಾಮೀನು ಸಿಕ್ಕಿದರೂ ಇನ್ನೊಂದರ ಬಾಡಿ ವಾರಂಟ್ (ಜೈಲಿನಲ್ಲಿರುವವನನ್ನು ಹಾಜರುಪಡಿಸಿ ಎಂಬ ಕೋರ್ಟಿನ ಆದೇಶ) ಬಾಕಿಯಿದ್ದರೆ ಜೈಲಿನವರು ಬಿಡುವುದಿಲ್ಲ. ಎಷ್ಟು ಕೇಸುಗಳಲ್ಲಿ ಹೆಸರಿದೆ ಎಂದು ಮೊದಲೇ ತಿಳಿದುಕೊಂಡು, ಪ್ರತಿಯೊಂದರಲ್ಲೂ ಅರ್ಜಿ ಹಾಕಿಸಿ.

ಇನ್ನು ಶ್ಯೂರಿಟಿ, ಅಂದರೆ ಅವನ ಪರವಾಗಿ ಕೋರ್ಟಿಗೆ ಹೊಣೆ ನಿಲ್ಲುವವರು. ವಕೀಲರು ಉಚಿತ, ಕೋರ್ಟ್ ಶುಲ್ಕ, ಪ್ರತಿಗಳ ಖರ್ಚೂ ಉಚಿತ. ಶ್ಯೂರಿಟಿಯನ್ನು ಮಾತ್ರ ನೀವೇ ಹುಡುಕಬೇಕು. ಜಾಮೀನು ಆದೇಶ ಕೈಯಲ್ಲಿದ್ದೂ ಬಡವರು ಒಳಗೇ ಉಳಿಯುವುದು ಇದರಿಂದ. ಪಹಣಿ ಅಥವಾ ಮನೆ ಕಂದಾಯದ ರಸೀದಿ, ಆಧಾರ್, ಫೋಟೊ ಹಿಡಿದು ಬರಬಲ್ಲ ಒಬ್ಬ ನೆಂಟರನ್ನೋ ಪರಿಚಯದವರನ್ನೋ ಇವತ್ತೇ ಒಪ್ಪಿಸಿಡಿ. ಕೋರ್ಟ್ ಗೇಟಿನಲ್ಲಿ ‘ಶ್ಯೂರಿಟಿ ಕೊಡಿಸ್ತೀನಿ’ ಎಂದು ಬರುವವರ ಹತ್ತಿರ ಹೋಗಬೇಡಿ. ನಕಲಿ ಪಹಣಿ ಸಿಕ್ಕಿಬಿದ್ದರೆ ಹೊಸ ಕೇಸು ಬೀಳುತ್ತದೆ.

ಯಾರೂ ಸಿಗದಿದ್ದರೂ ದಾರಿ ಮುಚ್ಚಿಲ್ಲ. ಸುಪ್ರೀಂ ಕೋರ್ಟಿನ 2023ರ ಜನವರಿ 31ರ ನಿರ್ದೇಶನದಂತೆ, ಜಾಮೀನಾಗಿ 7 ದಿನವಾದರೂ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟೇ ಪರಿಶೀಲಿಸಬಹುದು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟ ಬೇಡ ಎಂದೂ ಅದರಲ್ಲಿದೆ. ಅಧೀಕ್ಷಕರ ಪತ್ರಕ್ಕೆ ಕಾಯದೆ, ಎಂಟನೇ ದಿನ ನೀವೇ ಕಾರ್ಯದರ್ಶಿಗೆ ಅರ್ಜಿ ಕೊಡಿ. ಬಡ ಕೈದಿಗಳ ನೆರವಿಗೆ 2023ರಲ್ಲಿ ಬಂದ ಕೇಂದ್ರದ ಯೋಜನೆಯೂ ಇದೆ. ಜಿಲ್ಲಾ ಸಮಿತಿ ಒಪ್ಪಿದರೆ ಜಾಮೀನಿನ ಹಣವನ್ನು ಸರ್ಕಾರವೇ ಕಟ್ಟುತ್ತದೆ. ಆ ಅರ್ಜಿಯನ್ನೂ ಅದೇ ದಿನ ಕಾರ್ಯದರ್ಶಿಯ ಕೈಗೇ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.