ಡ್ರೆಡ್ ಜೆಪ್ಲಿನ್ ಬರೀ ತಮಾಷೆಯಾ? ನನ್ನ ಪ್ರಕಾರ ಅಲ್ಲ

ಡ್ರೆಡ್ ಜೆಪ್ಲಿನ್ ತಂಡದ ಮೊದಲ ಆಲ್ಬಮ್ ‘ಅನ್-ಲೆಡ್-ಎಡ್’ ನಿಜಕ್ಕೂ ಕೇಳುವಂಥದ್ದಾ, ಇಲ್ಲಾ ಒಂದು ಸಲ ನಕ್ಕು ಮರೆಯುವಂಥದ್ದಾ, ವಿಮರ್ಶಕರ ಮಾತನ್ನು ಎಷ್ಟು ನಂಬಬೇಕು ಅಂತ ಕೇಳಿದ್ದೀರಿ. ಕೇಳುವಂಥದ್ದೇ. ನಗು ಬರೋದು ನಿಂತ ಮೇಲೂ ನಾನು ಅದನ್ನು ಮತ್ತೆ ಮತ್ತೆ ಹಾಕಿಕೊಂಡು ಕೇಳಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ತಂಡ ಇದು. ಲೆಡ್ ಜೆಪ್ಲಿನ್ ಅನ್ನೋ ಬ್ರಿಟಿಷ್ ರಾಕ್ ತಂಡದ ಹಾಡುಗಳನ್ನು ಜಮೈಕಾದ ರೆಗೇ ತಾಳದಲ್ಲಿ ನುಡಿಸುತ್ತಾರೆ, ಹಾಡುವವನು ಟಾರ್ಟೆಲ್ವಿಸ್, ಅಂದ್ರೆ 1970ರ ದಶಕದ ಎಲ್ವಿಸ್ ಪ್ರೆಸ್ಲಿಯ ವೇಷ, ಅದೇ ದನಿ. ವೇದಿಕೆ ಮೇಲೆ ಅವನಿಗೆ ಟವೆಲ್, ನೀರು ಕೊಡೋಕೆ ಅಂತಲೇ ಚಾರ್ಲಿ ಹಜ್ ಅನ್ನುವ ಒಬ್ಬ ಸದಸ್ಯ ಇದ್ದ. ಆಲ್ಬಮ್ 1990ರಲ್ಲಿ ಐ.ಆರ್.ಎಸ್. ರೆಕಾರ್ಡ್ಸ್‌ನಿಂದ ಬಂತು.

ಇಂಥ ತಂಡದ ಬಗ್ಗೆ ಬರುವ ದೂರು ಯಾವಾಗಲೂ ಒಂದೇ: ಇರೋದು ಒಂದು ಜೋಕ್, ಅದಕ್ಕೆ ಎರಡು ಹಾಡು ಸಾಕು, ಇಡೀ ಆಲ್ಬಮ್ ಯಾಕೆ? ಈ ದೂರು ನನಗೆ ಅರ್ಥ ಆಗುತ್ತದೆ. ಆದರೆ ಹೀಗೆ ಹೇಳುವವರು ಗಾಯಕನನ್ನು ಮಾತ್ರ ಕೇಳಿರುತ್ತಾರೆ, ಹಿಂದೆ ನುಡಿಸುವವರನ್ನು ಕೇಳಿರುವುದಿಲ್ಲ. ಲೆಡ್ ಜೆಪ್ಲಿನ್‌ನ ರಿಫ್‌ಗಳು, ಅಂದ್ರೆ ಮತ್ತೆ ಮತ್ತೆ ಬರುವ ಗಿಟಾರ್ ತುಣುಕುಗಳು, ನಿಂತಿರುವುದು ಅವರ ಡ್ರಮ್ಮರ್ ಜಾನ್ ಬಾನಮ್‌ನ ಭಾರವಾದ ಡ್ರಮ್ ಏಟಿನ ಮೇಲೆ. ರೆಗೇಯ ‘ಒನ್ ಡ್ರಾಪ್’ ತಾಳದಲ್ಲಿ ನಾಲ್ಕು ಏಟುಗಳ ಪೈಕಿ ಮೊದಲನೆಯದು ಖಾಲಿ, ತೂಕ ಬೀಳೋದು ಮೂರನೆಯದರ ಮೇಲೆ, ಗಿಟಾರ್ ಏಟುಗಳ ನಡುವೆ ಚುಟುಕಾಗಿ ಬಂದು ಹೋಗುತ್ತದೆ, ಹಾಡನ್ನು ಹೊತ್ತುಕೊಂಡು ಹೋಗೋದು ಬಾಸ್ ಗಿಟಾರ್. ಹಾಗಾಗಿ ರಿಫ್ಫನ್ನು ಸುಮ್ನೆ ಎತ್ತಿ ಅಲ್ಲಿಂದ ಇಲ್ಲಿಗೆ ಇಡೋಕೆ ಆಗಲ್ಲ, ಎಲ್ಲಿ ನಿಲ್ಲಬೇಕು, ಎಲ್ಲಿ ಜಾಗ ಬಿಡಬೇಕು ಅಂತ ಮೊದಲಿನಿಂದ ಯೋಚನೆ ಮಾಡಬೇಕು. ಇವರು ಮಾಡಿದ್ದಾರೆ. ಜೋಕ್ ಹಳೆಯದಾದರೂ ಆ ತಾಳ ಹಳೆಯದಾಗಲ್ಲ.

‘ಹಾರ್ಟ್‌ಬ್ರೇಕರ್’ ಹಾಡನ್ನೇ ನೋಡಿ. ಹೆಸರಿನ ಹೋಲಿಕೆ ಹಿಡಿದು ಅದರೊಳಗೆ ಎಲ್ವಿಸ್‌ನ 1956ರ ‘ಹಾರ್ಟ್‌ಬ್ರೇಕ್ ಹೋಟೆಲ್’ ಸೇರಿಸಿದ್ದಾರೆ. ಮಾತಿನಲ್ಲಿ ಹೇಳಿದರೆ ಪೆದ್ದುಪೆದ್ದಾಗಿ ಕಾಣುತ್ತದೆ, ಕಿವಿಗೆ ಬಿದ್ದಾಗ ಎರಡೂ ಒಂದೇ ಹಾಡಿನ ತುಂಡುಗಳು ಅನ್ನಿಸುತ್ತದೆ.

ಬೇರೆಯವರ ಹಾಡು ಹಾಡೋದು ಸುಲಭದ ದಾರಿ ಅನ್ನೋ ಮಾತೂ ಇದೆ. ಇದನ್ನು ನಾನು ಒಪ್ಪಲ್ಲ. ಈ ಆಲ್ಬಮ್‌ನಲ್ಲಿರುವ ‘ಐ ಕಾಂಟ್ ಕ್ವಿಟ್ ಯು ಬೇಬಿ’ ಬರೆದದ್ದು ವಿಲ್ಲಿ ಡಿಕ್ಸನ್, 1956ರಲ್ಲಿ ಅದನ್ನು ಮೊದಲು ಹಾಡಿದ್ದು ಓಟಿಸ್ ರಶ್. ಲೆಡ್ ಜೆಪ್ಲಿನ್ 1969ರಲ್ಲಿ ತಮ್ಮ ಮೊದಲ ಆಲ್ಬಮ್‌ಗೆ ಅದನ್ನು ತೆಗೆದುಕೊಂಡರು. ಎಲ್ವಿಸ್‌ನ ‘ಹೌಂಡ್ ಡಾಗ್’ ಕೂಡ ಮೊದಲು ಬಿಗ್ ಮಾಮಾ ಥಾರ್ನ್‌ಟನ್ ಹಾಡಿದ್ದು. ಹಾಡುಗಳು ಹೀಗೇ ಕೈಯಿಂದ ಕೈಗೆ ಬಂದಿವೆ, ಡ್ರೆಡ್ ಜೆಪ್ಲಿನ್ ಅದೇ ಸಾಲಿನಲ್ಲಿ ಇನ್ನೊಂದು ಕೈ ಅಷ್ಟೇ.

ರೆಗೇಯೂ ಹೊರಗಿನಿಂದ ತಂದು ಅಂಟಿಸಿದ್ದಲ್ಲ. ಲೆಡ್ ಜೆಪ್ಲಿನ್ ತಾವೇ 1973ರಲ್ಲಿ ಪ್ರಯತ್ನಪಟ್ಟಿದ್ದರು. ‘ಡಯರ್ ಮೇಕರ್’ ಅಂತ ಕಾಣುವ, ಇಂಗ್ಲಿಷರ ಉಚ್ಚಾರದಲ್ಲಿ ‘ಜಮೈಕಾ’ ಅಂತ ಓದಬೇಕಾದ ಆ ಹಾಡಿಗೆ ವಿಮರ್ಶಕರಿಂದ ಚೆನ್ನಾಗಿ ಏಟು ಬಿತ್ತು, ತಂಡದ ಬಾಸಿಸ್ಟ್ ಜಾನ್ ಪಾಲ್ ಜೋನ್ಸ್‌ಗೂ ಅದು ಇಷ್ಟವಿರಲಿಲ್ಲ. ಅಲ್ಲಿ ಅರ್ಧಕ್ಕೆ ನಿಂತ ಯೋಚನೆಯನ್ನು ಇವರು ಮುಂದಕ್ಕೆ ಒಯ್ದರು ಅಂತ ನನಗೆ ಅನ್ನಿಸುತ್ತದೆ.

1991ರ ಎರಡನೇ ಆಲ್ಬಮ್ ಪರವಾಗಿಲ್ಲ, ಆದರೆ ಮೊದಲನೆಯದರ ಬಿಗಿ ಇಲ್ಲ. 1992ರಲ್ಲಿ ಟಾರ್ಟೆಲ್ವಿಸ್ ಇಲ್ಲದೆ ‘ಇಟ್ಸ್ ನಾಟ್ ಅನ್‌ಯೂಶುವಲ್’ ಅಂತ ಡಿಸ್ಕೋ ಹಾಡುಗಳ ಆಲ್ಬಮ್ ಮಾಡಿದರು, ಅದನ್ನು ನಾನು ಪೂರ್ತಿ ಕೇಳಲಾರೆ. ನಿಮ್ಮ ಪ್ರಶ್ನೆಗೆ ಅದೂ ಒಂದು ಉತ್ತರವೇ ಅಲ್ವಾ? ಎರಡು ಬೇರೆ ಬೇರೆ ಶೈಲಿ ಬೆರೆಸಿದ ಮಾತ್ರಕ್ಕೆ ಒಳ್ಳೆಯ ಆಲ್ಬಮ್ ಆಗೋದಾದರೆ ಅದೂ ಚೆನ್ನಾಗಿರಬೇಕಿತ್ತು.

ಇನ್ನು ವಿಮರ್ಶೆ. ನನ್ನ ಮಟ್ಟಿಗೆ ಪತ್ರಿಕೆಗಳು ಕೊಡುವ ಸ್ಟಾರ್ ರೇಟಿಂಗ್‌ಗಳಿಗಿಂತ ಜಾಸ್ತಿ ಬೆಲೆ ರಾಬರ್ಟ್ ಪ್ಲಾಂಟ್ ಮಾತಿಗೆ. ಲೆಡ್ ಜೆಪ್ಲಿನ್‌ನಲ್ಲಿ ಆ ಹಾಡುಗಳನ್ನು ಹಾಡಿದವನೇ ಇವರನ್ನು ಮೆಚ್ಚಿಕೊಂಡ, ‘ಯುವರ್ ಟೈಮ್ ಈಸ್ ಗೊನ್ನಾ ಕಮ್’ ಹಾಡು ತಮ್ಮದಕ್ಕಿಂತ ಇವರದ್ದೇ ಇಷ್ಟ ಅಂತಲೂ ಹೇಳಿದ.

ನೀವೂ ಆ ಹಾಡಿನಿಂದಲೇ ಶುರು ಮಾಡಿ. ಮೊದಲು 1969ರ ಮೂಲ ಹಾಡು, ಶುರುವಿನ ಆರ್ಗನ್ ಸಮೇತ ಪೂರ್ತಿ ಕೇಳಿ. ತಕ್ಷಣ ಇವರದ್ದು ಹಾಕಿ. ಮೊದಲ ಸಲ ಎಲ್ವಿಸ್ ದನಿಗೆ ನಗು ಬಂದೇ ಬರುತ್ತದೆ, ನಕ್ಕುಬಿಡಿ. ಎರಡನೇ ಸಲ ಹೆಡ್‌ಫೋನ್ ಹಾಕಿಕೊಂಡು ಬಾಸ್ ಮಾತ್ರ ಹಿಂಬಾಲಿಸಿ.